ತೋಳಿನ ಗೇರುಬೀಜ

ಜೂನ್ ತಿಂಗಳ ಮೊದಲ ಮಳೆ ಬಿದ್ದ ದಿನ ಅಟ್ಟದಿಂದ ಗಂಡನ ರೈನ್‌ಕೋಟ್ ಇಳಿಸಿದೆ. ಮಡಿಕೆ ಬಿಡಿಸುತ್ತಿದ್ದಂತೆ ಬೂಷ್ಟು ಹಿಡಿದ ರಬ್ಬರಿನ ವಾಸನೆ, ಅದರಡಿಯಲ್ಲಿ ಫಿನಾಯಿಲಿನ ವಾಸನೆ ಮೂಗಿಗೆ ಬಡಿಯಿತು. ಎಷ್ಟು ಸಲ ಒಗೆದರೂ ಅದು ಹೋಗುವುದಿಲ್ಲ, ಅಥವಾ ನನ್ನ ಮೂಗಿನಲ್ಲೇ ಉಳಿದುಬಿಟ್ಟಿದೆಯೋ ಏನೋ. ಅದೇ ಹೊತ್ತಿಗೆ ಎಡತೋಳು ತುರಿಸತೊಡಗಿತು. ಮಳೆಗಾಲ ಬಂತೆಂದು ನನಗೆ ಪೇಪರಿನವರು ಹೇಳಬೇಕಾಗಿಲ್ಲ, ಆ ತೋಳೇ ಹೇಳುತ್ತದೆ.

ನನ್ನ ಎಡತೋಳಿನ ಮೇಲೊಂದು ಗೇರುಬೀಜ ಇದೆ. ಕ್ಷಯರೋಗ ಬಾರದಿರಲೆಂದು ಹುಟ್ಟಿದ ಮಕ್ಕಳಿಗೆ ಹಾಕುವ ಬಿ.ಸಿ.ಜಿ. ಲಸಿಕೆ ಹೆಚ್ಚಿನವರ ತೋಳಿನಲ್ಲಿ ಒಂದು ಸಣ್ಣ ಗುರುತು ಬಿಟ್ಟು ಸುಮ್ಮನಾಗುತ್ತದೆ. ನನ್ನದು ಸುಮ್ಮನಾಗಲಿಲ್ಲ. ವರ್ಷದಿಂದ ವರ್ಷಕ್ಕೆ ಉಬ್ಬಿ, ಬಾಗಿ, ಸಿಪ್ಪೆ ಸುಲಿಯದ ಗೇರುಬೀಜದ ಹಾಗೆ ಕುಳಿತುಬಿಟ್ಟಿತು. ಕತ್ತರಿಸಿದರೆ ಇನ್ನೂ ದೊಡ್ಡದಾಗಿ ಬೆಳೆದೀತು ಎಂದು ಚರ್ಮದ ಡಾಕ್ಟರು ಹೇಳಿದ ಮೇಲೆ ಅದರ ಗೊಡವೆ ಬಿಟ್ಟೆ.

ಗೇರುಬೀಜ ಎಂದು ಅದಕ್ಕೆ ಹೆಸರಿಟ್ಟವರು ನನ್ನ ಅತ್ತೆ. ನಾವು ಮನೆಯಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರು, ಅತ್ತೆಯನ್ನು ಮಾಯ್ ಎಂದು ಕರೆಯುತ್ತೇವೆ. ಮದುವೆಯ ಗೌನ್ ಹೊಲಿಸಲು ಹಂಪನಕಟ್ಟೆಯ ಟೈಲರಿನಲ್ಲಿಗೆ ಹೋದಾಗ ಮಾಯ್ ನನ್ನ ರವಿಕೆಯ ತೋಳನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದರು. “ಕೈ ಮಣಿಕಟ್ಟಿನವರೆಗೆ ಇಡಿ. ಫೋಟೋದಲ್ಲಿ ಈ ಗೇರುಬೀಜ ಕಾಣ್ಲಿಕ್ಕಿಲ್ಲ” ಎಂದು ಟೈಲರಿಗೆ ಹೇಳಿದರು. ಹಾಗೆ ಮೇ ತಿಂಗಳ ಮಂಗಳೂರಿನ ಸೆಖೆಯಲ್ಲಿ ಮಣಿಕಟ್ಟಿನವರೆಗೆ ಲೇಸು ಹೊದ್ದು, ಬೆವರಿನಲ್ಲಿ ತೊಯ್ದು, ಮನೆಯಲ್ಲಿ ವಲ್ಲಿ ಎಂದು ಕರೆಯುವ ಅವರ ಎರಡನೆಯ ಮಗ ವಲೇರಿಯನ್‌ನನ್ನು ಮದುವೆಯಾದೆ. ಆಮೇಲೆ ರವಿಕೆ, ಚೂಡಿದಾರ, ಕೊನೆಗೆ ನೈಟಿಯ ತೋಳೂ ಮೊಣಕೈವರೆಗೆ ಇಳಿಯಿತು. ಮನೆಗೆ ಯಾರಾದರೂ ಬಂದಾಗ ನನ್ನ ತೋಳು ಸ್ವಲ್ಪ ಮೇಲೆ ಸರಿದಿದ್ದರೆ ಮಾಯ್ ಕಣ್ಣಿನಲ್ಲೇ ಇಳಿಸುತ್ತಿದ್ದರು. ಇಪ್ಪತ್ತು ವರ್ಷ ಆ ಗೇರುಬೀಜ ಬಿಸಿಲು ಕಾಣಲಿಲ್ಲ.

ಅದಕ್ಕೆ ಮರ್ಯಾದೆ ಬಂದದ್ದು ಕೊರೋನಾ ಬಂದ ವರ್ಷದ ಮಳೆಗಾಲದಲ್ಲಿ.

ನಮ್ಮ ಮನೆ ಬಿಕರ್ನಕಟ್ಟೆಯಲ್ಲಿ, ಬಾಲಯೇಸುವಿನ ಕ್ಷೇತ್ರದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ. ಗುರುವಾರ ಬಂತೆಂದರೆ ಮೊಂಬತ್ತಿ ಹಿಡಿದ ಜನ ನಮ್ಮ ಗೇಟಿನ ಮುಂದೆಯೇ ಗಾಡಿ ನಿಲ್ಲಿಸಿ ಹೋಗುತ್ತಿದ್ದರು, ಮಾಯ್ ಅವರನ್ನು ಬಯ್ಯುತ್ತಿದ್ದರು. ಆ ವರ್ಷ ಗಾಡಿಯೂ ಇಲ್ಲ, ಜನವೂ ಇಲ್ಲ, ಬಯ್ಯಲು ಯಾರೂ ಇಲ್ಲದೆ ಮಾಯ್ ಸಪ್ಪಗಾಗಿದ್ದರು. ಮನೆಯಲ್ಲಿ ನಾವು ಆರು ಮಂದಿ. ಮಾಯ್, ನಾನು, ವಲೇರಿಯನ್, ಹೈಸ್ಕೂಲಿಗೆ ಹೋಗುವ ನಮ್ಮ ಮಗಳು ರೀಮಾ, ಮತ್ತೆ ಗಲ್ಫಿನಿಂದ ರಜೆಗೆಂದು ಬಂದು ವಿಮಾನ ನಿಂತುಹೋದ್ದರಿಂದ ಇಲ್ಲೇ ಉಳಿದ ಬಾವ ಹೆರಾಲ್ಡ್ ಮತ್ತು ಅವರ ಹೆಂಡತಿ ಸೆವ್ರಿನ್. ನಾನು ಕಾನ್ವೆಂಟ್ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಶಾಲೆ ಮುಚ್ಚಿತ್ತು. ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ಹಳಗನ್ನಡ ಪದ್ಯ ಓದುತ್ತಿದ್ದೆ. ನನ್ನ ಓದಿಗೆ ಹೆಸರಿತ್ತು. ಎಷ್ಟು ಉದ್ದದ ಸಾಲನ್ನೂ ಒಂದೇ ಉಸಿರಿನಲ್ಲಿ, ಎಲ್ಲಿಯೂ ಮುರಿಯದೆ ಓದುತ್ತಿದ್ದೆ. ಬೇರೆ ಸೆಕ್ಷನ್ನಿನ ಮಕ್ಕಳು ಕಿಟಕಿಯಲ್ಲಿ ನಿಂತು ಕೇಳುತ್ತಿದ್ದುದುಂಟು.

ಹೆರಾಲ್ಡ್ ಬಾವನಿಗೆ ಕೆಲಸವಿರಲಿಲ್ಲ, ಮೊಬೈಲಿತ್ತು. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ ಎನ್ನುತ್ತಾರಲ್ಲ, ಹಾಗೆ ಬೆಳಗಿನಿಂದ ಸಂಜೆಯವರೆಗೆ ಏನಾದರೊಂದು ಮೆಸೇಜು ಓದಿ ಎಲ್ಲರ ತಲೆ ಕೆತ್ತುತ್ತಿದ್ದರು. ಒಂದು ದಿನ ಬಿಸಿನೀರು, ಒಂದು ದಿನ ಅರಿಶಿನ. ಒಮ್ಮೆ ಕಾಫಿ ಕುಡಿಯುವಾಗ ಬಿ.ಸಿ.ಜಿ. ಬಂತು.

“ಗೊತ್ತುಂಟಾ? ಸಣ್ಣದಿರುವಾಗ ಬಿ.ಸಿ.ಜಿ. ಹಾಕಿದ ದೇಶಗಳಲ್ಲಿ ಕೊರೋನಾ ಅಷ್ಟು ತಾಗುದಿಲ್ವಂತೆ. ತೋಳಲ್ಲಿ ಗುರುತು ಉಂಟಲ್ಲ, ಅದಿದ್ದವರಿಗೆ ಹೆದರಿಕೆ ಇಲ್ಲ.”

“ಅದು ಟೀಬಿಗೆ ಅಲ್ವಾ ಬಾವ?” ಎಂದೆ.

“ಟೀಬಿಗೇ. ಆದ್ರೆ ಇದಕ್ಕೂ ಆಗ್ತದಂತೆ.”

ಅವರು ನಂಬಿದ್ದಕ್ಕೆ ಯಾರಾದರೊಬ್ಬರು ತಲೆ ಆಡಿಸಬೇಕಿತ್ತು. ನಮ್ಮ ಮನೆ ಡಾಕ್ಟರಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು. ಡಾಕ್ಟರು ವಯಸ್ಸಾದವರು, ತಾಳ್ಮೆಯವರು. “ಒಂದು ಲಸಿಕೆ ಒಂದು ರೋಗಕ್ಕೆ ಅಂತ ನಾವು ಕಲಿತದ್ದು. ಆದ್ರೆ ಬಿ.ಸಿ.ಜಿ. ಹಾಕಿದ ಶಿಶುಗಳಿಗೆ ಬೇರೆ ಕಾಯಿಲೆಯೂ ಕಡಿಮೆ ಆದ ಹಾಗೆ ಕೆಲವು ಕಡೆ ಕಂಡದ್ದುಂಟು. ಒಬ್ಬ ಕಳ್ಳನಿಗೆ ಅಂತ ನಾಯಿಯನ್ನು ಎಬ್ಬಿಸಿದ್ರೆ ಅದು ಇನ್ನೊಬ್ಬ ಕಳ್ಳನಿಗೂ ಬೊಗಳಬಹುದಲ್ಲ, ಹಾಗೆ. ಈಗ ಕೊರೋನಾಕ್ಕೆ ಆಗ್ತದಾ ಅಂತ ಪರೀಕ್ಷೆ ಮಾಡ್ತಾ ಇದ್ದಾರೆ. ಆದ್ರೆ ಹೆರಾಲ್ಡ್, ನೀವು ಹುಟ್ಟಿದಾಗ ಎಬ್ಬಿಸಿದ ನಾಯಿ ಐವತ್ತು ವರ್ಷ ಆದ ಮೇಲೂ ಎದ್ದು ಕೂತಿದೆಯಾ ಅಂತ ಯಾರಿಗೆ ಗೊತ್ತು? ನನಗಂತೂ ಗೊತ್ತಿಲ್ಲ.”

ಫೋನ್ ಇಟ್ಟ ಮೇಲೆ ಹೆರಾಲ್ಡ್ ಬಾವ ನಮ್ಮೆಲ್ಲರ ಮುಖ ನೋಡಿದರು. “ಕೇಳಿದ್ರಲ್ಲ? ಇಲ್ಲ ಅಂತ ಅವರು ಹೇಳ್ಲಿಲ್ಲ. ನಾಯಿ ಉಂಟು.”

ಆ ದಿನ ನಾನು ಮನಸ್ಸಿನೊಳಗೆ ನಕ್ಕೆ. ನಾಯಿ ಯಾರೆಂದು ತಿಳಿಯಲು ಸ್ವಲ್ಪ ದಿನ ಬೇಕಾಯಿತು.

ಜುಲೈ ಕೊನೆಗೆ, ಆಟಿ ತಿಂಗಳ ಮಳೆ ಬಿಡದೆ ಹೊಯ್ಯುತ್ತಿದ್ದಾಗ ಮಾಯ್‌ಗೆ ಜ್ವರ ಬಂತು. ಎರಡು ದಿನ ಕಷಾಯ ಕುಡಿಸಿದೆವು. ಮೂರನೆಯ ದಿನ ಪರೀಕ್ಷೆ ಮಾಡಿಸಿದಾಗ ಪಾಸಿಟಿವ್. ಆಸ್ಪತ್ರೆಗಳು ತುಂಬಿದ್ದವು, ಉಸಿರಾಟ ಸರಿಯಿದ್ದ ಕಾರಣ ಮನೆಯಲ್ಲೇ ಬೇರೆ ಕೋಣೆಯಲ್ಲಿಡಬಹುದು ಎಂದರು. ಆರೋಗ್ಯ ಇಲಾಖೆಯ ಹೆಂಗಸೊಬ್ಬರು ಕೊಡೆ ಹಿಡಿದು ಬಂದು ಗೇಟಿಗೆ ಚೀಟಿ ಅಂಟಿಸಿ, ಅಂಗಳದಲ್ಲೇ ನಿಂತು ಕೇಳಿದರು. “ನೋಡಿಕೊಳ್ಳುದು ಒಬ್ಬರೇ ಆಗ್ಬೇಕು. ಎಲ್ಲರೂ ಒಳಗೆ ಹೋಗಿ ಬಂದು ಮಾಡ್ಲಿಕ್ಕಿಲ್ಲ. ಯಾರು ಅಂತ ನಿಶ್ಚಯ ಮಾಡಿ, ಸಂಜೆ ಫೋನ್ ಮಾಡ್ತೇನೆ.”

ಎಲ್ಲರೂ ಹಾಲಿನಲ್ಲಿ ಕುಳಿತೆವು. ಸೆವ್ರಿನ್‌ಗೆ ಶುಗರ್ ವಿಪರೀತ, ಅವಳು ಹೋಗುವಂತಿರಲಿಲ್ಲ. ಅವಳ ಮೇಲೆ ನನಗೆ ಯಾವ ದೂರೂ ಇಲ್ಲ. ರೀಮಾ ಸಣ್ಣವಳು, ಉಳಿದವರು ಇಬ್ಬರು ಗಂಡುಮಕ್ಕಳು ಮತ್ತು ನಾನು. ಒಳಗೆ ಮಲಗಿರುವುದು ಅವರ ತಾಯಿ. ಹೆರಾಲ್ಡ್ ಬಾವ ಗಂಟಲು ಸರಿಮಾಡಿಕೊಂಡರು.

“ಬಿ.ಸಿ.ಜಿ. ಗುರುತು ಇದ್ದವರು ಹೋಗುದು ಒಳ್ಳೆಯದು. ನನಗಂತೂ ಇಲ್ಲ. ಮೂಡ್ಲೇ ಇಲ್ಲ. ವಲ್ಲಿ, ನಿನಗೆ?”

ನಾನು ವಲೇರಿಯನ್‌ನನ್ನು ನೋಡಿದೆ. ಇಪ್ಪತ್ತು ವರ್ಷ ಆ ತೋಳಿನ ಮೇಲೆ ತಲೆಯಿಟ್ಟು ಮಲಗಿದವಳು ನಾನು. ಭುಜದಿಂದ ನಾಲ್ಕು ಬೆರಳು ಕೆಳಗೆ, ಎಂಟಾಣೆಯಷ್ಟು ಅಗಲಕ್ಕೆ, ನಡುವೆ ಸ್ವಲ್ಪ ತಗ್ಗಾದ ಗುರುತು. ಮಗಳು ಸಣ್ಣವಳಿರುವಾಗ, ನೆನಪು ನಿಲ್ಲದ ವಯಸ್ಸಿನಲ್ಲಿ, ಅದರಲ್ಲಿ ಬೆರಳಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಳು. ವಲೇರಿಯನ್ ಅರ್ಧ ತೋಳಿನ ಶರ್ಟು ಹಾಕಿದ್ದ. ಚಳಿಯಾದವರ ಹಾಗೆ ಬಲಗೈಯಿಂದ ಎಡತೋಳನ್ನು ಹಿಡಿದುಕೊಂಡ.

“ನನಗೂ ಇಲ್ಲ” ಎಂದ. ನೆಲ ನೋಡುತ್ತಾ ಹೇಳಿದ.

“ಹಿಲ್ಡಾಗೆ ಉಂಟಲ್ಲ. ಅಷ್ಟು ದೊಡ್ಡದುಂಟು” ಎಂದು ಬಾವ ನನ್ನ ಕಡೆ ಕೈ ತೋರಿಸಿದರು. ಗುರುತು ದೊಡ್ಡದಿದ್ದಷ್ಟೂ ಶಕ್ತಿ ಹೆಚ್ಚು ಎಂದು ಆ ಗಳಿಗೆಯಲ್ಲೇ ಹೊಸ ವಿಜ್ಞಾನ ಹುಟ್ಟಿತು. ಯಾರೂ ನಗಲಿಲ್ಲ. ನಾನು ಗಂಡನ ಬಾಯಿಯನ್ನೇ ನೋಡುತ್ತಿದ್ದೆ. ಈಗ ಹೇಳಿಯಾನು, ಈಗ ಹೇಳಿಯಾನು ಎಂದು ಕಾದೆ. ಅವನು ಹೇಳಿದ್ದರೆ ನಾನೇ ಎದ್ದು, ಬೇಡ ವಲ್ಲಿ, ನಾನೇ ಹೋಗುತ್ತೇನೆ ಎನ್ನುತ್ತಿದ್ದೆ. ಅಷ್ಟು ಮೂರ್ಖಳೂ ಅಷ್ಟು ಪ್ರೀತಿಯವಳೂ ಆಗಿದ್ದೆ. ಅವನು ಎದ್ದುಹೋಗಿ ತನ್ನ ಸ್ಕೂಟರಿನ ರೈನ್‌ಕೋಟ್ ತಂದ. “ಇದನ್ನು ಹಾಕಿಕೋ. ಆಸ್ಪತ್ರೆಯವರ ಡ್ರೆಸ್ಸಿನ ಹಾಗೇ ಉಂಟು” ಎಂದು ನನ್ನ ಕೈಗೆ ಕೊಟ್ಟ.

ಮಾಯ್ ಕೋಣೆ ಹಿಂಬದಿಯಲ್ಲಿ, ಬಚ್ಚಲಿಗೆ ತಾಗಿಕೊಂಡಿತ್ತು. ಬಟ್ಟೆ ಒಣಗುತ್ತಿರಲಿಲ್ಲ, ಗೋಡೆ ಬೆವರುತ್ತಿತ್ತು. ರೈನ್‌ಕೋಟಿನೊಳಗೆ ನಾನೂ ಬೆವರುತ್ತಿದ್ದೆ. ಕುಚ್ಚಲಕ್ಕಿ ಗಂಜಿಯನ್ನು ವಲೇರಿಯನ್ ಬಾಗಿಲ ಹೊರಗೆ ಸ್ಟೂಲಿನ ಮೇಲಿಟ್ಟು ಎರಡು ಸಲ ತಟ್ಟಿ ಓಡುತ್ತಿದ್ದ. ಬಾಗಿಲು ತೆರೆಯುವಷ್ಟರಲ್ಲಿ ಅವನ ಚಪ್ಪಲಿಯ ಸದ್ದು ಮಾತ್ರ ಸಿಗುತ್ತಿತ್ತು. ನಾನು ಗಂಜಿ ಕುಡಿಸಿದೆ, ಮಾತ್ರೆ ಕೊಟ್ಟೆ, ಮೈ ಒರೆಸಿದೆ, ಹಾಸಿಗೆಯಲ್ಲೇ ಆದದ್ದನ್ನು ತೊಳೆದೆ, ನೆಲಕ್ಕೆ ಫಿನಾಯಿಲ್ ಹಾಕಿದೆ. ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಆಮ್ಲಜನಕದ ಅಂಕೆ ಸ್ವಲ್ಪ ಇಳಿದರೂ ಮಾಯ್ ನನ್ನ ಮುಖ ನೋಡುತ್ತಿದ್ದರು. ಹೆದರಿದ್ದರು. ಅಷ್ಟು ಗಟ್ಟಿ ಹೆಂಗಸು ಹೆದರಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಜ್ವರ ಏರಿದ ಒಂದು ಮಧ್ಯಾಹ್ನ ನನ್ನ ಕೈ ಹಿಡಿದರು. “ಹಿಲ್ಡಾ, ಅದನ್ನು ಒಮ್ಮೆ ಕೊಡು.”

“ಎಂತ ಮಾಯ್? ನೀರಾ?”

“ನೀರಲ್ಲ. ಅದು. ನಿನ್ನ ತೋಳಿನದ್ದು.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ರೈನ್‌ಕೋಟಿನ ಗುಂಡಿ ಬಿಚ್ಚಿ, ಒಳಗಿನ ನೈಟಿಯ ತೋಳನ್ನು ಮೇಲೆ ಸರಿಸಿದೆ. ಆ ಉದ್ದ ತೋಳು ಅವರೇ ಹೇಳಿ ಹೊಲಿಸಿದ್ದು. ಮಾಯ್ ಬೆರಳು ಚಾಚಿ ಗೇರುಬೀಜವನ್ನು ಮುಟ್ಟಿದರು, ಮೆಲ್ಲಗೆ ಸವರಿದರು, ಆಮೇಲೆ ಅದೇ ಬೆರಳಿನಿಂದ ಹಣೆಗೆ, ಎದೆಗೆ, ಎರಡೂ ಭುಜಕ್ಕೆ ಶಿಲುಬೆಯ ಗುರುತು ಹಾಕಿಕೊಂಡರು. ಹತ್ತಿರದ ಕ್ಷೇತ್ರದ ಬಾಗಿಲು ಮುಚ್ಚಿತ್ತಲ್ಲ, ಬೇರೆ ಏನೂ ಸಿಗದೆ ಇಲ್ಲಿಗೆ ಹರಕೆಗೆ ಬಂದಿದ್ದರು. ನಾನು ತೋಳು ಎಳೆದುಕೊಳ್ಳಲಿಲ್ಲ. ಆಮೇಲೆ ದಿನವೂ ಕೇಳತೊಡಗಿದರು. ಮಾತ್ರೆಗೆ ಮೊದಲು ಒಮ್ಮೆ, ಮಲಗುವ ಮೊದಲು ಒಮ್ಮೆ.

ಒಂದು ದಿನ ಅವರ ಬೆರಳು ನನ್ನ ತೋಳಿನ ಮೇಲಿರುವಾಗಲೇ ಕೇಳಿದೆ. “ಮಾಯ್, ಮಕ್ಕಳಿಗೆ ನೀವು ಬಿ.ಸಿ.ಜಿ. ಹಾಕಿಸ್ಲಿಲ್ವಾ?”

“ಹಾಕಿಸದೆ?” ಜ್ವರದಲ್ಲೂ ಅವರಿಗೆ ಸಿಟ್ಟು ಬಂತು. “ಇಬ್ಬರನ್ನೂ ನಾನೇ ಎತ್ತಿಕೊಂಡು ಹೋದದ್ದು. ಹೆರಾಲ್ಡನದ್ದು ಹುಣ್ಣಾಗಿ ಕೀವು ಸುರೀತಿತ್ತು. ವಲ್ಲಿಯದ್ದು ಚಂದ ಆಗಿ ಮೂಡಿದೆ.”

“ಮತ್ತೆ ಇಬ್ಬರೂ ಇಲ್ಲ ಅಂದದ್ದು ಯಾಕೆ?”

ಮಾಯ್ ಗೋಡೆಯ ಕಡೆ ತಿರುಗಲಿಲ್ಲ, ಕಣ್ಣು ಮುಚ್ಚಲಿಲ್ಲ. ನನ್ನನ್ನೇ ನೋಡುತ್ತಾ ಹೇಳಿದರು. “ನಾನೇ ಫೋನ್ ಮಾಡಿ ಹೇಳಿದ್ದು. ನೀವೆಲ್ಲ ಹಾಲಲ್ಲಿ ಕೂರುವ ಮೊದಲು. ಇಬ್ಬರಿಗೂ ಹೇಳಿದ್ದೆ, ಗುರುತು ಉಂಟಾ ಅಂತ ಕೇಳಿದ್ರೆ ಇಲ್ಲ ಅನ್ನಿ ಅಂತ.”

“ಗುರುತು ಇದ್ರೆ ತಾಗುದಿಲ್ಲ ಅಂತ ಅಲ್ವಾ ನೀವು ದಿನಾ ಮುಟ್ಟುದು? ಹಾಗಾದ್ರೆ ಅವರು ಬಂದ್ರೆ ಹೆದರಿಕೆ ಎಂತ?”

“ಹೌದೋ ಅಲ್ವೋ ಯಾರಿಗೆ ಗೊತ್ತು ಮಾರಾಯ್ತಿ? ಡಾಕ್ಟರಿಗೇ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ ಹೆತ್ತ ಮಕ್ಕಳನ್ನು ಕಳಿಸ್ಲಿಕ್ಕೆ ಆಗ್ತದಾ? ನಿನಗೂ ಒಂದು ಮಗಳು ಉಂಟಲ್ಲ.”

ಅವರ ಬೆರಳು ಇನ್ನೂ ನನ್ನ ತೋಳಿನ ಮೇಲೆಯೇ ಇತ್ತು. ಲಸಿಕೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಯಾರ ಮೇಲೆ ಹಾಕಿ ನೋಡಬೇಕು ಎಂಬುದು ಮಾತ್ರ ಎಲ್ಲರಿಗೂ ಚೆನ್ನಾಗಿ ಗೊತ್ತಿತ್ತು. ನಾನು ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಾಸಿಗೆಯ ಮೇಲಿಟ್ಟೆ, ನೈಟಿಯ ತೋಳು ಇಳಿಸಿ ಪಿನ್ನು ಚುಚ್ಚಿದೆ, ರೈನ್‌ಕೋಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿದೆ.

ಬಿಟ್ಟು ಹೊರಗೆ ಬರಬಹುದಿತ್ತು. ಬರಲಿಲ್ಲ. ನಾನು ಬಂದರೆ ಇನ್ಯಾರೂ ಒಳಗೆ ಹೋಗುವುದಿಲ್ಲ, ಮುದುಕಿ ಹಾಸಿಗೆಯಲ್ಲೇ ಸಾಯುತ್ತದೆ ಎಂದು ಗೊತ್ತಿತ್ತು. ಹಾಗಾಗಿ ಮಾತ್ರೆ ಕೊಟ್ಟೆ, ಗಂಜಿ ಕುಡಿಸಿದೆ, ತೊಳೆಯುವುದನ್ನು ತೊಳೆದೆ, ಯಾವುದರಲ್ಲಿಯೂ ಕಡಿಮೆ ಮಾಡಲಿಲ್ಲ. ಅದೊಂದನ್ನು ಮಾತ್ರ ಕೊಡಲಿಲ್ಲ. “ಒಮ್ಮೆ ಕೊಡು ಹಿಲ್ಡಾ, ಒಮ್ಮೆ” ಎಂದು ಮಾಯ್ ಅಂಗಲಾಚುತ್ತಿದ್ದರು. “ಫೋಟೋದಲ್ಲಿ ಚಂದ ಕಾಣುದಿಲ್ಲ ಮಾಯ್” ಎನ್ನುತ್ತಿದ್ದೆ. ಅವರು ಅಳುತ್ತಿದ್ದರು. ಆ ಅಳು ಕೇಳಿ ನನಗೆ ಆದ ಸುಖವನ್ನು ಮುಚ್ಚಿಡುವುದಿಲ್ಲ. ಇಪ್ಪತ್ತು ವರ್ಷದ ಸೆಖೆಗೆ ತಣ್ಣೀರು ಹೊಯ್ದ ಹಾಗಾಗಿತ್ತು.

ಮುಟ್ಟದೆಯೂ ಮಾಯ್ ಗುಣವಾದರು. ಜ್ವರ ಬಿಟ್ಟು, ಗಂಜಿಗೆ ಉಪ್ಪು ಕಡಿಮೆಯಾಯಿತೆಂದು ಅವರು ಮೊದಲ ಸಲ ಬೈದ ದಿನವೇ ನನಗೆ ಮೈ ಬಿಸಿಯಾಯಿತು. ನನ್ನದು ಅವರದರಷ್ಟು ಹಗುರಾಗಲಿಲ್ಲ. ಮೆಟ್ಟಿಲ ಮೇಲೆ ಕುಸಿದವಳನ್ನು ಆಂಬುಲೆನ್ಸಿನವರು ಎತ್ತಿಕೊಂಡು ಹೋದರು. ಮನೆಯವರು ಮೇಲಿನ ಕಿಟಕಿಯಲ್ಲಿ ನಿಂತು ನೋಡಿದರು. ವಾರ್ಡಿನಲ್ಲಿ ಮೂಗಿಗೆ ನಳಿಗೆ ಹಾಕಿ ಬೋರಲು ಮಲಗಿಸಿದ್ದರು. ಪಕ್ಕದ ಹಾಸಿಗೆಗಳಲ್ಲಿದ್ದವರು ಬದಲಾಗುತ್ತಿದ್ದರು. ಅವರು ಎಲ್ಲಿಗೆ ಹೋದರೆಂದು ಯಾರೂ ಹೇಳುತ್ತಿರಲಿಲ್ಲ, ನಾವು ಕೇಳುತ್ತಿರಲಿಲ್ಲ. ಒಂದು ದಿನ ನರ್ಸು ಫೋನನ್ನು ಕಿವಿಗೆ ಹಿಡಿದರು. ವಲೇರಿಯನ್.

“ಹೆದರಬೇಡ ಹಿಲ್ಡಾ. ನಿನಗೆ ಎಂತ ಆಗುದಿಲ್ಲ. ನಿನಗೆ ಇಂಜೆಕ್ಷನ್ ಉಂಟಲ್ಲ.”

ನಗು ಬಂತು. ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಉಸಿರು ಸಿಗುತ್ತಿರಲಿಲ್ಲ. ನರ್ಸು ಫೋನ್ ತೆಗೆದುಕೊಂಡು, ಪೇಷೆಂಟನ್ನು ನಗಿಸಬೇಡಿ ಎಂದು ಅವನಿಗೇ ಗದರಿಸಿದರು.

ಬದುಕಿ ಬಂದೆ. ಮನೆಗೆ ಕಾಲಿಡುತ್ತಿದ್ದಂತೆ ಹೆರಾಲ್ಡ್ ಬಾವ ಹೇಳಿದ ಮೊದಲ ಮಾತು, “ನೋಡಿದ್ಯಾ? ಗುರುತು ಇದ್ದದ್ದಕ್ಕೆ ಉಳಿದೆ. ಇಲ್ಲದಿದ್ರೆ ಹೋಗ್ತಿದ್ದಿ.” ರೋಗ ಬಾರದಿದ್ದರೆ ಗುರುತಿನ ಮಹಿಮೆ, ಬಂದರೆ ಬದುಕಿದ್ದು ಗುರುತಿನ ಮಹಿಮೆ, ಸತ್ತಿದ್ದರೆ ಬಹುಶಃ ಗುರುತು ಸಾಕಷ್ಟು ದೊಡ್ಡದಿರಲಿಲ್ಲ ಎನ್ನುತ್ತಿದ್ದರು. ದೊಡ್ಡವರನ್ನು ಈ ರೋಗದಿಂದ ಬಿ.ಸಿ.ಜಿ. ಕಾಯುವುದು ಪರೀಕ್ಷೆಗಳಲ್ಲಿ ಕಾಣಲಿಲ್ಲವೆಂದು, ಶಿಶುಗಳ ವಿಷಯ ಬೇರೆ ಎಂದು, ಬಹಳ ಕಾಲದ ನಂತರ ಡಾಕ್ಟರೇ ನನಗೆ ಹೇಳಿದರು. ನಾನು ಅದನ್ನು ಮನೆಯಲ್ಲಿ ಹೇಳಲು ಹೋಗಲಿಲ್ಲ. ಹೇಳಿ ಏನು, ಶಾಲೆ ತೆರೆದ ದಿನ ಒಂದು ಪದ್ಯದ ಸಾಲು ಎತ್ತಿಕೊಂಡವಳಿಗೆ ಅರ್ಧಕ್ಕೆ ಉಸಿರು ಮುಗಿಯಿತು. ಮಕ್ಕಳು ಕಾದರು. ಉಳಿದ ಅರ್ಧವನ್ನು ಮುಂದಿನ ಬೆಂಚಿನವಳು ಓದಿದಳು. ಈಗಲೂ ಮಕ್ಕಳೇ ಓದುತ್ತಾರೆ, ನಾನು ಅರ್ಥ ಹೇಳುತ್ತೇನೆ.

ಮಾರನೆಯ ವರ್ಷ ಬೇಸಗೆಯಲ್ಲಿ ನಿಜವಾದ ಕೊರೋನಾ ಲಸಿಕೆ ಬಂತು. ಚರ್ಚಿನ ಹಾಲಿನಲ್ಲಿ ಶಿಬಿರ. ನಾವು ದೊಡ್ಡವರೆಲ್ಲ ಹೋದೆವು. ನನ್ನ ಸರದಿ ಬಂದಾಗ ನರ್ಸು ತೋಳು ನೋಡಿ, “ಈ ಗಂಟಿನ ಹತ್ತಿರ ಚುಚ್ಚುದು ಬೇಡ ಮೇಡಂ, ಬಲಗೈ ಕೊಡಿ” ಎಂದರು. ನನ್ನ ಹಿಂದೆ ಹೆರಾಲ್ಡ್ ಬಾವ ಕುಳಿತರು. ಆಚೀಚೆ ನೋಡದೆ ಅಂಗಿಯ ಎಡತೋಳು ಎತ್ತಿದರು. ಅಲ್ಲಿ ಹುಣ್ಣಾಗಿ ಕೀವು ಸುರಿದು ಒಣಗಿದ ಗುರುತು, ಎರಡು ಬೆರಳಗಲ. ಮಾಯ್ ಕುರ್ಚಿಯಲ್ಲಿ ಜಪಮಾಲೆ ಹಿಡಿದು ಕುಳಿತಿದ್ದರು, ಮಣಿ ತಿರುಗಿಸುವುದನ್ನು ನಿಲ್ಲಿಸಲಿಲ್ಲ. ಬಾವ ಚುಚ್ಚಿಸಿಕೊಂಡು, ತೋಳು ಇಳಿಸಿ ಎದ್ದುಹೋದರು. ಅವರಿಗೆ ನಾಚಿಕೆಯೆಂಬುದಿಲ್ಲ, ಅದೂ ಒಂದು ರೀತಿಯ ಪ್ರಾಮಾಣಿಕತೆಯೇ.

ವಲೇರಿಯನ್ ಕುಳಿತ. ನಾನು ಎದುರಿಗೇ ನಿಂತಿದ್ದೆ. ಅವನು ಬಲತೋಳು ಎತ್ತಿದ.

“ಎಡಗೈ ಕೊಡಿ ಸರ್. ಬಲಗೈ ಕೆಲಸದ ಕೈ ಅಲ್ವಾ? ನೋವು ಬರ್ತದೆ” ಎಂದರು ನರ್ಸು.

“ಇದಕ್ಕೇ ಕೊಡಿ.”

“ನಿಮಗೂ ಗಂಟು ಉಂಟಾ? ತೋರಿಸಿ ನೋಡುವ.”

ಅವನು ಒಮ್ಮೆ ನನ್ನ ಕಡೆ ನೋಡಿದ. ಒಂದು ಗಳಿಗೆ ನನಗೆ ಆಸೆ ಮೂಡಿತು. ತೋರಿಸಿಬಿಡು ವಲ್ಲಿ, ಇಲ್ಲೇ ಮುಗಿದುಹೋಗಲಿ ಎಂದು ಮನಸ್ಸು ಬೇಡಿತು.

“ಗಂಟು ಇಲ್ಲ. ನಾನು ಎಡಚ” ಎಂದ.

ನರ್ಸು ಬಲಗೈಗೆ ಚುಚ್ಚಿದರು. ನಾನು ಹೊರಗೆ ಬಂದೆ. ದಾರಿಯಲ್ಲಿ ಗಾಡಿಯ ಮೀನಿನವಳ ಹತ್ತಿರ ಬಂಗುಡೆ ಒಳ್ಳೆಯದಿತ್ತು, ತೆಗೆದುಕೊಂಡೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದರು. ಮೇಜಿನ ತಲೆಯಲ್ಲಿ ಮಾಯ್. ಅನ್ನ ಬಡಿಸಿದೆ, ಬಂಗುಡೆಯ ಸಾರು ಬಡಿಸಿದೆ. ನೀರಿನ ಲೋಟವನ್ನು ವಲೇರಿಯನ್‌ನ ಎಡಬದಿಗೆ ಇಟ್ಟೆ. ಅವನು ಬಲಗೈಯನ್ನು ತಟ್ಟೆಗೆ ಹಾಕಿದ.

“ಎಂತ ವಲ್ಲಿ, ಬಲಗೈಯಲ್ಲಿ?” ಎಂದೆ. “ನೀನು ಎಡಚ ಅಲ್ವಾ?”

ಮೇಜಿನ ಸುತ್ತ ಕೈಗಳು ನಿಂತವು. ರೀಮಾ ನಕ್ಕಳು. “ಪಪ್ಪಾ ಎಡಚನಾ? ಯಾವಾಗದಿಂದ?”

“ಬೆಳಿಗ್ಗೆಯಿಂದ ಪುತಾ. ನರ್ಸಿನ ಎದುರು ಅವನೇ ಹೇಳಿದ. ಅಲ್ವಾ ವಲ್ಲಿ?”

ಇಲ್ಲ ಎನ್ನಬೇಕಾದರೆ ಬಲತೋಳು ಯಾಕೆ ಕೊಟ್ಟದ್ದೆಂದು ಹೇಳಬೇಕು. ಅದನ್ನು ಹೇಳಬೇಕಾದರೆ ಎಡತೋಳು ತೋರಿಸಬೇಕು. ತೋರಿಸಿದರೆ ಮಗಳು ಕೇಳುತ್ತಾಳೆ, ಹಾಗಾದರೆ ಮಮ್ಮಿ ಮಾತ್ರ ಯಾಕೆ ಒಳಗೆ ಹೋದದ್ದು ಎಂದು. ಅವನು ತಾಯಿಯ ಮುಖ ನೋಡಿದ. ಮಾಯ್ ತಮ್ಮ ಮೀನಿನ ಮುಳ್ಳು ಬಿಡಿಸುತ್ತಿದ್ದರು. ವಲೇರಿಯನ್ ಬಲಗೈ ತೊಳೆದುಕೊಂಡು ಬಂದು ಕುಳಿತು, ಎಡಗೈಯಲ್ಲಿ ಅನ್ನ ಕಲಸಿದ. ಬೆರಳ ಸಂದಿಯಿಂದ ಸಾರು ಮೊಣಕೈವರೆಗೆ ಇಳಿಯಿತು. ತೊಳೆಯುವ ಕೈಯಲ್ಲಿ ಉಣ್ಣುವ ಗಂಡನಿಗೆ ನಾನು ಇನ್ನೊಂದು ತುಂಡು ಬಡಿಸಿದೆ.

ಆಮೇಲೆ ವಿಮಾನ ಹಾರತೊಡಗಿ ಹೆರಾಲ್ಡ್ ಬಾವ, ಸೆವ್ರಿನ್ ಹೊರಟುಹೋದರು. ಮಾಯ್ ಗಟ್ಟಿಯಾಗಿದ್ದಾರೆ, ಗುರುವಾರದ ಗಾಡಿಗಳಿಗೆ ಮತ್ತೆ ಬೈಯುತ್ತಾರೆ. ನಾನು ತೋಳಿಲ್ಲದ ರವಿಕೆ ಹಾಕುತ್ತೇನೆ. ಯಾರೂ ಕಣ್ಣಿನಲ್ಲಿ ಇಳಿಸುವುದಿಲ್ಲ. ವಲೇರಿಯನ್ ಮದುವೆ ಮನೆಗಳಲ್ಲಿ ಬಲಗೈಯಲ್ಲಿ ಉಣ್ಣುತ್ತಾನೆ, ಮನೆಯಲ್ಲಿ ಎಡಗೈಯಲ್ಲಿ. ಲೋಟ ಎಡಕ್ಕೆ ಇಡುವುದನ್ನು ನಾನು ಒಂದು ದಿನವೂ ಮರೆತಿಲ್ಲ.

ಮೊನ್ನೆ ಆ ರೈನ್‌ಕೋಟ್ ಒಗೆದು ಚಾವಡಿಯಲ್ಲಿ ಹರವಿ ಬಂದೆ. ಮಳೆಯ ಮೊದಲ ದಿನ, ಮೀನು ಸಿಗುವ ಕೊನೆಯ ದಿನಗಳು, ಬಂಗುಡೆಯೇ ಮಾಡಿದ್ದೆ. ಮಗಳು, ಮಾಯ್, ನಾವಿಬ್ಬರು. ವಲೇರಿಯನ್ ತಟ್ಟೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದ. “ಇನ್ನೆಷ್ಟು ಸಮಯ ಹಿಲ್ಡಾ?”

“ಮಗಳ ಎದುರು ಆ ತೋಳು ತೋರಿಸು” ಎಂದೆ. “ಈಗಲೇ ಬಲಗೈಯಲ್ಲಿ ಉಣ್ಣು.”

ರೀಮಾ ತಲೆಯೆತ್ತಿ ನೋಡಿದಳು. ವಲೇರಿಯನ್ ಬಲಗೈಯಿಂದ ಎಡತೋಳನ್ನು ಹಿಡಿದುಕೊಂಡ. ಹೊರಗೆ ಮಳೆ ಜೋರಾಯಿತು. ಆಮೇಲೆ ಅವನು ಎಡಗೈಯನ್ನು ತಟ್ಟೆಗೆ ಹಾಕಿ ಮುಳ್ಳು ಬಿಡಿಸತೊಡಗಿದ. ನಾನು ಇನ್ನೊಂದು ಬಂಗುಡೆ ಬಡಿಸಿದೆ.